ಸೇರುವ ಅಂಚು

ಬಾಗಿಲು ತೆರೆದವಳ ಕೈಯಲ್ಲಿ ಒಂದು ದವಡೆಯಿತ್ತು. ಹೊರಗೆ ನಿಂತವನ ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಒಂದು ಕಲ್ಲಿತ್ತು.

ಇಬ್ಬರಲ್ಲಿ ಯಾರು ಹೆಚ್ಚು ಬೆಚ್ಚಿದರೆಂದು ಹೇಳುವುದು ಕಷ್ಟ. ಒಂದು ಮೆಟ್ಟಿಲು ಕೆಳಗಿಳಿದವನು ಮಾತ್ರ ಅವನು.

“ಇದು ಕಲ್ಲು ಪಾಲಿಶ್ ಮಾಡೋ ಜಾಗ ಅಲ್ವಾ?”

“ಅಲ್ಲ. ಹಲ್ಲು ಪಾಲಿಶ್ ಮಾಡೋ ಜಾಗ.”

ಅವನು ದವಡೆಯನ್ನು ನೋಡಿದ. ಗುಲಾಬಿ ಒಸಡು, ಸಾಲಾಗಿ ಕೂತ ಹಲ್ಲುಗಳು, ಆಗ ತಾನೇ ಉಜ್ಜಿದ ಹೊಳಪು. ಅದೂ ಅವನ ಪೆಚ್ಚುತನಕ್ಕೆ ನಗುತ್ತಿರುವಂತಿತ್ತು.

ತಪ್ಪು ಪೂರ್ತಿ ಅವನದಲ್ಲ. ಅವನು ಬಸ್ ಡ್ರೈವರ್. ಅವನ ಬಸ್ಸಿನ ಕೊನೆಯ ಸ್ಟಾಪು ಈ ಬೀದಿಯ ತುದಿಯಲ್ಲಿ, ಅವಳ ಕಿಟಕಿಯ ಎದುರಿಗೇ. ಜನರನ್ನೆಲ್ಲ ಇಳಿಸಿ, ಎಂಜಿನ್ ಆರಿಸಿ, ಮತ್ತೆ ಹೊರಡುವ ತನಕ ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಕೂತಾಗಲೆಲ್ಲ ಈ ಮನೆಯೊಳಗಿಂದ ಗಿರ್ರನೆ ಚಕ್ರ ತಿರುಗುವ ಸದ್ದು ಬರುತ್ತಿತ್ತು. ಏನನ್ನೋ ಉಜ್ಜುತ್ತಾರೆಂಬುದು ಕಿವಿಗೆ ಗೊತ್ತಾಗಿತ್ತು. ಏನನ್ನು ಎಂಬುದನ್ನು ಅವನೇ ಊಹಿಸಿಕೊಂಡಿದ್ದ. ಕ್ಲಿನಿಕ್ಕುಗಳಿಂದ ಬಂದ ಅಚ್ಚು ನೋಡಿ ಹಲ್ಲಿನ ಸೆಟ್ಟು ಮಾಡಿಕೊಡುವ ಹೆಣ್ಣೊಬ್ಬಳು ಒಳಗಿದ್ದಾಳೆಂದು ಡ್ರೈವರ್ ಸೀಟಿನಲ್ಲಿ ಕೂತವನಿಗೆ ಹೇಗೆ ಹೊಳೆಯಬೇಕು?

“ಸಾರಿ ಮೇಡಂ,” ಎಂದು ತಿರುಗಿದ. ಟವೆಲಿನ ತುದಿಯಲ್ಲಿ ಕೆಂಪು ಕಲೆ ಕಂಡಿತು.

“ಕೈ ಕೊಯ್ಕೊಂಡಿದ್ದೀರಾ?”

“ನಾನಲ್ಲ, ಕಲ್ಲೇ ಕೊಯ್ದಿದ್ದು.”

ಅವಳಿಗೆ ನಗು ಬಂದುಬಿಟ್ಟಿತು. ಹತ್ತಿಗೆ ಆ ಮನೆಯಲ್ಲಿ ಬರವಿರಲಿಲ್ಲ. ಅವನನ್ನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ, ಬೆರಳಿಗೆ ಹತ್ತಿ ಒತ್ತಿ, ಟವೆಲು ಬಿಚ್ಚಿದಳು. ಬೂದು ಬಣ್ಣದ ಕಲ್ಲಿನ ಟೈಲು. ಮೇಲ್ಮೈ ನುಣುಪಾಗಿತ್ತು, ಆದರೆ ಕತ್ತರಿಸಿದ ಬದಿಯಲ್ಲಿ ಗರಗಸದ ಗೀರುಗಳು ಹಾಗೆಯೇ ಇದ್ದವು. ಅಂಚು ಬ್ಲೇಡಿನ ಹಾಗೆ ಹರಿತವಾಗಿತ್ತು.

“ಅಂಗಡಿಯವನು ಅಳತೆಗೆ ಕತ್ತರಿಸಿ ಕೊಟ್ಟ. ಅಂಚು ಮಾಡೋದು ನಮ್ಮ ಕೆಲಸ ಅಲ್ಲ ಅಂದ,” ಎಂದ ಅವನು. “ಅಕ್ಕ ಹೊಸ ಮನೆಗೆ ಹೋಗ್ತಿದ್ದಾಳೆ. ಅವಳ ಅಡುಗೆಮನೆಗೆ ಒಂದು ಮೇಜು ಮಾಡ್ತಿದ್ದೀನಿ. ಚೌಕಟ್ಟು ಆಯ್ತು. ಮೇಲೆ ಇಂಥದ್ದು ಒಂಬತ್ತು ಕಲ್ಲು ಕೂರಿಸ್ಬೇಕು. ಮನೇಲಿ ಎರಡು ಪುಟ್ಟ ಮಕ್ಕಳಿವೆ, ಓಡೋದು ಬಿಟ್ಟು ನಡೆಯೋದೇ ಗೊತ್ತಿಲ್ಲ. ಈ ಅಂಚು ಅವುಗಳ ಹಣೆಗೆ ತಾಗಿದ್ರೆ?”

“ಕೈಯಲ್ಲೇ ಉಜ್ಜಬಹುದು. ಉಜ್ಜೋ ಪ್ಯಾಡು ಬೇಕು, ನೀರು ಬೇಕು, ತಾಳ್ಮೆ ಬೇಕು.”

“ತಾಳ್ಮೆ ಬಸ್ ಓಡ್ಸಿ ಓಡ್ಸಿ ಬೇಕಾದಷ್ಟು ಬಂದಿದೆ. ಜಾಗ ಇಲ್ಲ ಮೇಡಂ. ನಾನಿರೋದು ಮೇಲ್ಮಹಡೀಲಿ, ಒಂದೇ ರೂಮು. ನೀರು ಚೆಲ್ಲಿದ್ರೆ ಕೆಳಗಿನವ್ರು ಛತ್ರಿ ಹಿಡ್ಕೊಂಡು ಜಗಳಕ್ಕೆ ಬರ್ತಾರೆ.”

ಅಷ್ಟರಲ್ಲಿ ಒಳಗಿನಿಂದ ದೊಡ್ಡಮ್ಮ ಬಂದರು. ಈ ದೊಡ್ಡಮ್ಮನ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಊರವರಿಗೆಲ್ಲ ಹಲ್ಲು ಕಟ್ಟಿಕೊಡುವವಳನ್ನು ಎತ್ತಿ ಆಡಿಸಿ ಬೆಳೆಸಿದವರು ಅವರೇ; ಅವರ ಬಾಯಲ್ಲಿ ಮಾತ್ರ ಒಂದು ಹಲ್ಲೂ ಇಲ್ಲ. ಅವಳು ಮಾಡಿಕೊಟ್ಟ ಚಂದದ ಸೆಟ್ಟು ಸದಾ ಗಾಜಿನ ಲೋಟದ ನೀರಿನಲ್ಲಿ ಮುಳುಗಿ ಕೂತಿರುತ್ತಿತ್ತು. “ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತಾರೆ. ನನಗೆ ಎರಡೂ ಇದೆ, ಎರಡೂ ಬೇಡ,” ಎನ್ನುತ್ತಿದ್ದರು. ತೀರಾ ಮುಖ್ಯವಾದ ಮಾತಿದ್ದರೆ ಮಾತ್ರ ಹಾಕಿಕೊಳ್ಳುತ್ತಿದ್ದರು. ದೊಡ್ಡಮ್ಮ ಹಲ್ಲು ಹಾಕಿಕೊಂಡು ಎದುರಿಗೆ ಬಂದರೆಂದರೆ ಅವಳ ಎದೆ ಢವಢವ ಎನ್ನುತ್ತಿತ್ತು.

ಆ ದಿನ ಹಾಕಿಕೊಂಡಿರಲಿಲ್ಲ. ಅರ್ಧ ಗಾಳಿ, ಅರ್ಧ ಮಾತಾಗಿ ಹೇಳಿದರು: “ಹಿಂದಿನ ಶೆಡ್ಡು ಬೀಗ ಹಾಕ್ಕೊಂಡು ಬಿದ್ದಿದೆಯಲ್ಲೇ. ಅಲ್ಲಿ ಉಜ್ಜಲಿ.”

“ದೊಡ್ಡಮ್ಮಾ, ಅದು ಅಪ್ಪಂದು.”

“ನಿಮ್ಮಪ್ಪ ಹೋದ್ಮೇಲೆ ಅಲ್ಲಿ ಕೆಲಸ ಮಾಡ್ತಿರೋದು ಜೇಡ ಒಂದೇ. ಮನುಷ್ಯರೂ ಸ್ವಲ್ಪ ಮಾಡ್ಲಿ.”

ಅಪ್ಪ ಬಿಡುವಿನ ವೇಳೆಯಲ್ಲಿ ಕುರ್ಚಿ, ಗಡಿಯಾರ, ಮುರಿದ ಆಟಿಕೆ ಎಲ್ಲ ರಿಪೇರಿ ಮಾಡುತ್ತಿದ್ದ ಶೆಡ್ಡು ಅದು. ಮರದ ದಪ್ಪ ಕೆಲಸದ ಮೇಜು, ವಸ್ತುವನ್ನು ಅಲುಗದಂತೆ ಕಚ್ಚಿ ಹಿಡಿಯುವ ಕಬ್ಬಿಣದ ಹಿಡಿಕೆ, ಮೂಲೆಯಲ್ಲೊಂದು ನಲ್ಲಿ, ಬಿಸಿಲು ಬೀಳುವ ಕಿಟಕಿ. ಅಲ್ಲಿಗೆ ಇನ್ನೊಬ್ಬರನ್ನು ಬಿಡುವುದೆಂದರೆ ಅವಳಿಗೆ ಮನಸ್ಸು ಒಪ್ಪುತ್ತಿರಲಿಲ್ಲ. ಆದರೂ ಬೀಗದ ಕೈ ತಂದಳು. ಯಾಕೆ ತಂದೆನೆಂದು ಆಮೇಲೆ ಎಷ್ಟೋ ಹೊತ್ತು ಯೋಚಿಸಿದಳು.

ಅವನದು ಬೆಳಗಿನ ಪಾಳಿ. ಮಧ್ಯಾಹ್ನ ಬಸ್ಸನ್ನು ಇನ್ನೊಬ್ಬರಿಗೆ ಒಪ್ಪಿಸಿ, ಒಂದೊಂದು ಕೈಯಲ್ಲಿ ಒಂದೊಂದು ಕಲ್ಲು ಹಿಡಿದು ಬರುತ್ತಿದ್ದ. ಒಂಬತ್ತೂ ಬಂದ ದಿನ ಅವಳು ಅವನ್ನು ನೆಲದ ಮೇಲೆ ಮೂರು ಸಾಲಾಗಿ ಜೋಡಿಸಿ, ಕೆಂಪು ಮೇಣದ ಕಡ್ಡಿಯಿಂದ ಹೊರಗಿನ ಅಂಚುಗಳ ಮೇಲೆ ಮಾತ್ರ ಗೆರೆ ಎಳೆದಳು.

“ಗೆರೆ ಇರೋ ಕಡೆ ಉಜ್ಜಬೇಕು. ಮೂಲೆ ಕಲ್ಲಿಗೆ ಎರಡು ಬದಿ, ಪಕ್ಕದ್ದಕ್ಕೆ ಒಂದು ಬದಿ. ನಡುವಿನದಕ್ಕೆ ಒಂದೂ ಇಲ್ಲ.”

“ಪಾಪ, ನಡುವಿನದು.”

“ಪಾಪ ಯಾಕೆ? ಅದಕ್ಕೆ ನಾಲ್ಕೂ ಕಡೆ ಜೊತೆ ಇದೆ.”

ಅವನು ತಲೆ ಎತ್ತಿ ಅವಳನ್ನು ನೋಡಿದ. ಏನೋ ವಿಶೇಷವಾದದ್ದನ್ನು ಹೇಳಿದೆನೆಂದು ಅವಳಿಗೆ ಅನ್ನಿಸಿರಲಿಲ್ಲ. ಆದರೂ ಕಿವಿ ಬೆಚ್ಚಗಾಯಿತು.

ಕೆಲಸ ಕಲಿಸುವಾಗ ಅವಳು ಬೇರೆಯೇ ಹೆಂಗಸು. ಕಲ್ಲಿನ ಮುಖಕ್ಕೆ ಗೀರು ಬೀಳದಂತೆ ಟೇಪು ಅಂಟಿಸಿದಳು. ಪ್ಯಾಡುಗಳನ್ನು ಸಾಲಾಗಿ ಇಟ್ಟಳು: ಬೆನ್ನ ಮೇಲಿನ ನಂಬರು ಸಣ್ಣದಿದ್ದರೆ ಒರಟು, ದೊಡ್ಡದಾದಷ್ಟೂ ನಯ. ಮೊದಲು ಒರಟು ಪ್ಯಾಡಿನಿಂದ ಹರಿತ ಅಂಚನ್ನು ಓರೆಯಾಗಿ ಸವೆಸಬೇಕು. ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿಗೆ ಎಳೆಯಬೇಕು. ಹಿಂದೆ ಮುಂದೆ ಎಳೆದಾಡಿದರೆ ಅಂಚಿನ ಚೂರು ಎದ್ದುಬರುತ್ತದೆ. ಅಂಚಿಗೆ ಪೆನ್ಸಿಲಿನಿಂದ ಗೀಚಿ ಉಜ್ಜಲು ಶುರುಮಾಡಬೇಕು. ಗೀಚಿದ್ದೆಲ್ಲ ಅಳಿಸಿಹೋದರೆ ಆ ಪ್ಯಾಡಿನ ಕೆಲಸ ಮುಗಿಯಿತು, ಮುಂದಿನದಕ್ಕೆ ಹೋಗಬೇಕು. ನಡುನಡುವೆ ನೀರು. ನೀರಿದ್ದರೆ ಧೂಳಿಲ್ಲ.

“ಆಯ್ತು ನೋಡಿ, ಎಷ್ಟು ಚೆನ್ನಾಗಿ ಹೊಳೀತಿದೆ!” ಎಂದು ಅವನು ಮೊದಲ ದಿನವೇ ಎತ್ತಿ ತೋರಿಸಿದ.

“ಒದ್ದೆ ಇದ್ದಾಗ ಎಲ್ಲಾ ಕಲ್ಲೂ ಹೊಳೆಯುತ್ತೆ. ಒರೆಸಿ, ಒಣಗಿಸಿ, ಆಮೇಲೆ ಹೇಳಿ.”

ಒರೆಸಿದ. ಒಣಗಿತು. ಗೀರುಗಳೆಲ್ಲ ಮತ್ತೆ ಹಾಜರಾದವು. ಅವನು ಅವುಗಳನ್ನು ಸಾಲ ವಸೂಲಿಗೆ ಬಂದವರನ್ನು ನೋಡುವ ಹಾಗೆ ನೋಡಿದ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಹೆಬ್ಬೆರಳಿನಿಂದ ಅಂಚು ಮುಟ್ಟಿ ಮುಟ್ಟಿ ನೋಡುತ್ತಿದ್ದ ಅವನನ್ನು ತಡೆದಳು. “ನಿಮ್ಮ ಬೆರಳನ್ನ ನಂಬಬೇಡಿ. ಸ್ಟಿಯರಿಂಗ್ ಹಿಡಿದು ಹಿಡಿದು ಅದಕ್ಕೇನೂ ಗೊತ್ತಾಗಲ್ಲ. ಮಣಿಕಟ್ಟಿನ ಒಳಗಡೆ ಮುಟ್ಟಿಸಿ. ಚರ್ಮ ಅಲ್ಲಿ ತೆಳ್ಳಗಿರುತ್ತೆ, ಸುಳ್ಳು ಹೇಳಲ್ಲ.”

ಅವನು ತನ್ನ ಮಣಿಕಟ್ಟು ನೋಡಿಕೊಂಡ. ಅಲ್ಲೂ ಬಿಸಿಲಿಗೆ ಕಂದಿದ ಚರ್ಮ. “ಇದೂ ದಪ್ಪವೇ. ನಿಮ್ಮದು ಕೊಡಿ.”

ಇಷ್ಟು ಸಲೀಸಾಗಿ ಕೇಳಿದರೆ ಯಾರಿಗೆ ತಾನೇ ಇಲ್ಲ ಎನ್ನಲು ಬಾಯಿ ಬರುತ್ತದೆ? ಅವಳು ಕೈ ಚಾಚಿದಳು. ಅವನು ಕಲ್ಲಿನ ಅಂಚನ್ನು ಅವಳ ಮಣಿಕಟ್ಟಿನ ಮೇಲೆ, ನಿದ್ದೆ ಮಾಡುವ ಮಗುವಿಗೆ ಹೊದಿಕೆ ಹೊದೆಸುವಷ್ಟು ಹುಷಾರಾಗಿ ಎಳೆದ. ತಣ್ಣಗಿತ್ತು. ಒಂದು ಕಡೆ ಕೂದಲೆಳೆಯಷ್ಟು ಚುಚ್ಚಿತು.

“ಇಲ್ಲಿ,” ಎಂದಳು.

“ಇಲ್ಲಿ,” ಎಂದು ಅವನು ಪೆನ್ಸಿಲಿನಿಂದ ಗುರುತು ಹಾಕಿದ. ಅಂದಿನಿಂದ ಪ್ರತಿ ಅಂಚಿನ ಪರೀಕ್ಷೆಯೂ ಹೀಗೆಯೇ ನಡೆಯತೊಡಗಿತು.

ದಿನ ಕಳೆದಂತೆ ಅವಳ ಮೇಣ, ಚಾಕು, ಸಣ್ಣ ದೀಪ ಎಲ್ಲ ಒಂದೊಂದಾಗಿ ಶೆಡ್ಡಿಗೆ ಬಂದವು. “ಅಲ್ಲಿ ಬೆಳಕು ಚೆನ್ನಾಗಿದೆ ದೊಡ್ಡಮ್ಮ,” ಎಂದಳು. “ಹೂಂ, ಈಗೀಗ ತುಂಬಾ ಚೆನ್ನಾಗಿದೆ,” ಎಂದರು ದೊಡ್ಡಮ್ಮ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ?

ಒಂದು ಮಧ್ಯಾಹ್ನ ಅವನು ಅವಳ ಕೈಯಲ್ಲಿದ್ದ ಸೆಟ್ಟನ್ನು ನೋಡುತ್ತ ಕೇಳಿದ: “ಹೊರಗಡೆ ಕನ್ನಡಿ ಹಾಗೆ ಹೊಳೀತಿದೆ, ಒಳಗಡೆ ಯಾಕೆ ಹಾಗೇ ಬಿಟ್ಟಿದ್ದೀರಿ? ಮರೆತ್ರಾ?”

“ಮರೆತಿಲ್ಲ. ಅದು ಒಸಡಿಗೆ ಕೂರೋ ಕಡೆ. ನಾಲಿಗೆಗೆ, ಕೆನ್ನೆಗೆ ತಾಗೋ ಕಡೆಯೆಲ್ಲಾ ನುಣುಪು ಮಾಡ್ತೀವಿ. ಕೂರೋ ಕಡೆ ಮಾತ್ರ ಉಜ್ಜಲ್ಲ. ಉಜ್ಜಿದ್ರೆ ಹಿಡಿತ ಹೋಗುತ್ತೆ. ನೋಡೋಕೆ ಚೆನ್ನಾಗಿರುತ್ತೆ, ನಿಲ್ಲಲ್ಲ.”

“ಓಹೋ,” ಎಂದ. ಆ ಸೆಟ್ಟನ್ನು ತಿರುಗಿಸಿ ಒಳಗಿನ ಒರಟನ್ನು ಎಷ್ಟೋ ಹೊತ್ತು ನೋಡಿದ.

ಅವನು ಹೆಚ್ಚು ಮಾತಿನವನಲ್ಲ. ಆದರೆ ಮಾತು ಆಡಿದರೆ ಅದರಲ್ಲೊಂದು ಪುಟ್ಟ ತಮಾಷೆ ಅವಿತಿರುತ್ತಿತ್ತು. ಬಸ್ಸಿನ ಕನ್ನಡಿಯಲ್ಲಿ ಕಾಣುವ ಜನರ ಬಗ್ಗೆ ಹೇಳುತ್ತಿದ್ದ: ನಿದ್ದೆ ಹೋಗಿ ಪಕ್ಕದವರ ಹೆಗಲಿಗೆ ವಾಲಿ, ಎದ್ದ ಮೇಲೆ ಅವರನ್ನೇ ಗುರಾಯಿಸುವ ಅಜ್ಜ, ಇಳಿಯುವ ಸ್ಟಾಪು ಬಂದರೂ ಮಾತು ಮುಗಿಯದೆ ಮುಂದಿನ ಸ್ಟಾಪಿಗೆ ಹೋಗುವ ಗೆಳತಿಯರು. ಅವಳು ಮೇಣದ ಹಲ್ಲನ್ನು ಕೆತ್ತುತ್ತ ಕೇಳುತ್ತಿದ್ದಳು. ನಕ್ಕಾಗ ಚಾಕು ಜಾರಿ ಒಂದೆರಡು ಹಲ್ಲು ಹಾಳಾದವು. ಅದಕ್ಕೆ ಅವಳಿಗೆ ಬೇಸರವೇ ಆಗಲಿಲ್ಲ.

ಕೆಂಪು ಗೆರೆಗಳು ಕಡಿಮೆಯಾಗುತ್ತ ಬಂದವು. ಉಳಿದವನ್ನು ಅವಳು ದಿನವೂ ಎಣಿಸತೊಡಗಿದಳು. ಮೇಜು ಮುಗಿದರೆ ಅವನಿಗೆ ಇಲ್ಲೇನು ಕೆಲಸ?

ಅದರ ಮೇಲೆ ಇನ್ನೊಂದು ಸುದ್ದಿಯೂ ಬಂತು. ಪ್ಯಾಡು ಹಿಂಡುತ್ತ, ಅವಳ ಕಡೆ ನೋಡದೆ ಅವನು ಹೇಳಿದ: “ಡಿಪೋದಲ್ಲಿ ಬೇರೆ ರೂಟ್ ಕೊಡ್ತೀವಿ ಅಂತಿದ್ದಾರೆ. ನನ್ನ ರೂಮಿನ ಹತ್ತಿರದಿಂದಲೇ ಹೊರಡೋದು. ಈ ಕಡೆ ಬರೋ ಹಾಗೇ ಇರಲ್ಲ. ಬೇಕಾ ಬೇಡ್ವಾ ಅಂತ ಸೋಮವಾರ ಹೇಳ್ಬೇಕು.”

ಹೇಳಿ, ಹಿಂಡಿದ ಪ್ಯಾಡನ್ನೇ ಮತ್ತೆ ಹಿಂಡಿದ.

ಬೇಡ ಅನ್ನಿ ಎಂದು ಅವಳ ಮನಸ್ಸು ಕೂಗಿತು. ಆದರೆ ಯಾರ ನಾಲಿಗೆಗೂ ಚುಚ್ಚದಂತೆ ಹಲ್ಲು ಉಜ್ಜುವ ಅಭ್ಯಾಸ ಅವಳ ಮಾತಿಗೂ ಅಂಟಿಕೊಂಡಿತ್ತು. ಹಿಂದೊಮ್ಮೆ ಅವಳನ್ನು ನೋಡಲು ಬಂದವನು “ನಿಮಗೆ ಇಷ್ಟವೇ?” ಎಂದು ಕೇಳಿದಾಗ “ನಿಮ್ಮಿಷ್ಟ” ಎಂದಿದ್ದಳು. ಅವನಿಗೆ ಬೇರೆ ಕಡೆ ಇಷ್ಟವಾಯಿತು. ದೊಡ್ಡಮ್ಮ ಒಂದು ವಾರ ಹಲ್ಲು ಹಾಕಿಕೊಂಡೇ ಓಡಾಡಿದ್ದರು. ಇಷ್ಟಾದರೂ ಬುದ್ಧಿ ಬಂದಿರಲಿಲ್ಲ.

“ಒಳ್ಳೇದಾಯ್ತಲ್ಲ,” ಎಂದಳು. “ನಿಮಗೆ ಓಡಾಟ ಉಳಿಯುತ್ತೆ.”

“ಹೌದು. ಓಡಾಟ ಉಳಿಯುತ್ತೆ,” ಎಂದ ಅವನು, ಮತ್ತೆ ಕಲ್ಲಿನ ಕಡೆ ತಿರುಗಿದ.

ಮರುದಿನ ಕೊನೆಯ ಕೆಂಪು ಗೆರೆಯೂ ಅಳಿಯಿತು. ಅವನು ಅಂಚನ್ನು ಒರೆಸಿ ಒಣಗಿಸಿದ. ಅವಳು ಮಣಿಕಟ್ಟು ಕೊಟ್ಟಳು. ಎಲ್ಲೂ ಚುಚ್ಚಲಿಲ್ಲ. ಇನ್ನು ಎಣ್ಣೆ ಹಚ್ಚಿ, ಚೌಕಟ್ಟಿಗೆ ಅಂಟಿಸಿದರೆ ಆಯಿತು. ಅವನ ಕೈಯಲ್ಲಿ ಪ್ಯಾಡು ಹಾಗೆಯೇ ಇತ್ತು. ಒಂದು ಸಲ ಕಿಟಕಿ ನೋಡಿದ, ಒಂದು ಸಲ ನಲ್ಲಿ ನೋಡಿದ. ಆಮೇಲೆ ಕಲ್ಲನ್ನು ನಿಧಾನವಾಗಿ ತಿರುಗಿಸಿ, ಗೆರೆಯೇ ಇಲ್ಲದ ಬದಿಯನ್ನು ಮೇಲೆ ಮಾಡಿ ಹಿಡಿಕೆಗೆ ಸಿಕ್ಕಿಸಿದ.

ಅದು ಸೇರುವ ಅಂಚು. ಪಕ್ಕದ ಕಲ್ಲಿಗೆ ಒತ್ತಿ ಕೂರಬೇಕಾದ ಬದಿ. ಅದನ್ನು ದುಂಡಗೆ ಮಾಡಿದರೆ ಎರಡು ಕಲ್ಲಿನ ನಡುವೆ ಹಳ್ಳ ಬೀಳುತ್ತದೆ, ಮೇಜು ಕೆಡುತ್ತದೆ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವನು ಪೆನ್ಸಿಲಿನಿಂದ ಗೀಚಿದ. ಒರಟು ಪ್ಯಾಡನ್ನು ನೀರಿಗೆ ಅದ್ದಿದ. ಮತ್ತೆ ಅವಳ ಕಡೆ ನೋಡಿದ, ಗೇಟಿನ ಬಳಿ ನಿಂತವನು ಒಳಗೆ ಬರಲೇ ಎಂದು ಕೇಳುವ ಹಾಗೆ.

ಅವಳು ನೋಡಿದಳು. ತಡೆಯಬೇಕಿತ್ತು. ಕೈಯಲ್ಲಿದ್ದ ಹಲ್ಲನ್ನು ದೀಪಕ್ಕೆ ಹಿಡಿದು, ತನ್ನ ಕೆಲಸ ಮಾಡತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ಕಲ್ಲಿನ ಮೇಲೆ ಪ್ಯಾಡು ಎಳೆಯುವ ಸದ್ದು ಕೇಳಿಸಿತು. ಅವಳಿಗೆ ಆದ ಸಮಾಧಾನ ಎಷ್ಟೆಂದರೆ ಅವಳಿಗೇ ನಾಚಿಕೆಯಾಯಿತು.

ಹೀಗೆ ಆ ವಾರವೆಲ್ಲ ಒಳ್ಳೆಯ ಕಲ್ಲುಗಳನ್ನು ಇಬ್ಬರೂ ಸೇರಿ ಶ್ರದ್ಧೆಯಿಂದ ಹಾಳುಮಾಡಿದರು. ಅವನು ಉಜ್ಜಿದ, ಅವಳು ಮಣಿಕಟ್ಟು ಕೊಟ್ಟು ಪರೀಕ್ಷೆ ಮಾಡಿದಳು. “ಇನ್ನೂ ಸ್ವಲ್ಪ ನಯ ಆಗ್ಬೇಕು,” ಎಂದೂ ಒಂದು ಸಲ ಹೇಳಿದಳು. ಕೊನೆಗೆ ಉಳಿದದ್ದು ನಡುವಿನ ಕಲ್ಲು. ಒಂದೂ ಬದಿ ಉಜ್ಜಬೇಕಿಲ್ಲದ ಆ ಕಲ್ಲನ್ನು ಅವನು ಹಿಡಿಕೆಗೆ ಸಿಕ್ಕಿಸುವಾಗ ಅವಳು ಬೇಕೆಂದೇ ಕೆಳಗೆ ಬಿದ್ದ ಮೇಣ ಹುಡುಕುತ್ತಿದ್ದಳು.

ಶನಿವಾರ ಮಧ್ಯಾಹ್ನ ದೊಡ್ಡಮ್ಮ ಶೆಡ್ಡಿಗೆ ಬಂದರು. ಒಂದು ಕೈಯಲ್ಲಿ ಚಹಾ ಕಪ್ಪಿತ್ತು. ಬಾಯಲ್ಲಿ ಹಲ್ಲಿತ್ತು.

ಅವಳ ಎದೆ ಧಸಕ್ಕೆಂದಿತು.

“ಏನಪ್ಪಾ ಬಸ್ಸಿನವನೇ,” ಎಂದರು ದೊಡ್ಡಮ್ಮ, ಒಂದೊಂದು ಅಕ್ಷರವೂ ಸ್ಫುಟವಾಗಿ. “ನಾಳೆ ನಿಮ್ಮಕ್ಕ ಹೊಸ ಮನೆಗೆ ಹೋಗ್ತಾಳಂತೆ. ನಿನ್ನ ಕಲ್ಲು ಇನ್ನೂ ಸ್ನಾನ ಮಾಡ್ತಾನೇ ಇದೆ. ಎಲ್ಲಿ, ಜೋಡಿಸು ನೋಡೋಣ.”

ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಚೌಕಟ್ಟು ಹಿಂದಿನ ದಿನವೇ ಬಂದಿತ್ತು. ಅವನು ಒಂಬತ್ತು ಕಲ್ಲುಗಳನ್ನೂ ಅಂಟು ಹಾಕದೆ ಹಾಗೆಯೇ ಅದರ ಮೇಲೆ ಜೋಡಿಸಿದ. ಒಂದೊಂದೇ ಕಲ್ಲನ್ನು ನೋಡಿದರೆ ಕಣ್ಣಿಗೆ ಹಬ್ಬ. ಪಕ್ಕಪಕ್ಕ ಕೂರಿಸಿದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ, ಪ್ರತಿ ಎರಡರ ನಡುವೆ ಒಂದು ಉದ್ದನೆಯ ಹಳ್ಳ.

ದೊಡ್ಡಮ್ಮ ಕಪ್ಪನ್ನು ಮೇಜಿನ ಮೇಲಿಟ್ಟರು. ಅಡಿ ಹಳ್ಳದ ಅಂಚಿಗೆ ಸಿಕ್ಕಿ ಕಪ್ಪು ವಾಲಿತು. ಚೆಲ್ಲಿದ ಚಹಾ ಹಳ್ಳಕ್ಕೆ ಇಳಿದು ನೇರವಾಗಿ ಹೋಯಿತು, ಮೂಲೆಯಲ್ಲಿ ಎಡಕ್ಕೆ ತಿರುಗಿತು, ನಡುವಿನ ಕಲ್ಲಿಗೆ ಒಂದು ಸುತ್ತು ಹಾಕಿತು.

ಮೂವರೂ ಬಗ್ಗಿ ಅದರ ಪ್ರಯಾಣವನ್ನು ನೋಡಿದರು.

“ರೂಟ್ ಚೆನ್ನಾಗಿದೆ,” ಎಂದರು ದೊಡ್ಡಮ್ಮ. “ಎಲ್ಲಾ ಸ್ಟಾಪಿಗೂ ಹೋಗುತ್ತೆ.”

ಅವನು ತಲೆ ತಗ್ಗಿಸಿದ. ಅವಳು ಒರೆಸುವ ಬಟ್ಟೆ ಹುಡುಕಿದಳು. ಬಟ್ಟೆ ಅವಳ ಕೈಯಲ್ಲೇ ಇತ್ತು.

“ಸೇರೋ ಅಂಚನ್ನ ಯಾರಾದ್ರೂ ಉಜ್ಜುತ್ತಾರಾ? ಹೋಗ್ಲಿ, ಇವನಿಗೆ ಗೊತ್ತಿಲ್ಲ ಅನ್ಕೊಳ್ಳೋಣ. ನೀನು ಏನೇ ಮಾಡ್ತಿದ್ದೆ? ನಾನು ಹಲ್ಲಿಲ್ಲದವಳು ಕಣೇ, ಕಣ್ಣಿಲ್ಲದವಳಲ್ಲ. ವಾರದಿಂದ ಕಿಟಕೀಲಿ ನೋಡ್ತಾನೇ ಇದ್ದೀನಿ. ಒಬ್ಬರು ಕೆಡಿಸೋದು, ಇನ್ನೊಬ್ಬರು ಕೈ ಚಾಚಿ ಚೆನ್ನಾಗಿದೆ ಅನ್ನೋದು!” ದೊಡ್ಡಮ್ಮ ಉಸಿರು ತೆಗೆದುಕೊಂಡರು. “ನನ್ನ ಮಾತು ಮುಗೀತು. ಇನ್ನು ನಿಮ್ಮದು.”

ಹಲ್ಲಿನ ಸೆಟ್ಟನ್ನು ಬಾಯಿಂದ ತೆಗೆದು, ಅಂಗೈಯಲ್ಲಿ ಹಿಡಿದು, ಹೊರಟುಹೋದರು.

ಬೀದಿಯ ತುದಿಯಲ್ಲಿ ಬಸ್ಸೊಂದು ಬಂದು ನಿಂತಿತು, ಬಾಗಿಲು ತೆರೆಯಿತು, ಮುಚ್ಚಿತು.

“ನಿಮಗೆ ಗೊತ್ತಿತ್ತು,” ಎಂದ ಅವನು ಮೆಲ್ಲಗೆ.

“ನಿಮಗೆ ಗೊತ್ತಿರಲಿಲ್ವಾ?”

“ಗೊತ್ತಿತ್ತು. ನೀವೇ ಹೇಳಿದ್ರಲ್ಲ, ಕೂರೋ ಕಡೆ ಉಜ್ಜಬಾರದು, ಹಿಡಿತ ಹೋಗುತ್ತೆ ಅಂತ.” ಅವನು ನಡುವಿನ ಕಲ್ಲನ್ನು ಬೆರಳಿನಿಂದ ಅಲ್ಲಾಡಿಸಿದ. “ಮೊದಲ ಅಂಚು ತಿರುಗಿಸಿದಾಗ ನೀವು ಬೈತೀರಿ ಅಂದ್ಕೊಂಡೆ. ಬೈದಿದ್ರೆ ನಿಜ ಹೇಳ್ಬಿಡ್ತಿದ್ದೆ. ಬೈಯಲಿಲ್ಲ. ಸರಿ, ಇನ್ನೊಂದು ಉಜ್ಜೋಣ ಅಂದ್ಕೊಂಡೆ.”

“ಏನು ನಿಜ?”

“ಮೇಜು ಮುಗಿದ್ರೆ ಬರೋಕೆ ಬೇರೆ ನೆಪ ಇರಲಿಲ್ಲ. ಅದು ನಿಜ.”

ಅವಳು ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

“ಈ ರೂಟ್ ಯಾರಿಗೂ ಬೇಡ,” ಎಂದು ಅವನು ಮುಂದುವರಿಸಿದ. “ಕೊನೇ ಸ್ಟಾಪಲ್ಲಿ ಒಂದು ಅಂಗಡಿ ಕೂಡ ಇಲ್ಲ ಅಂತಾರೆ. ನನಗೆ ಆ ಚಕ್ರದ ಸದ್ದು ಕೇಳದಿದ್ರೆ ದಿನ ಪೂರ್ತಿ ಆಗಲ್ಲ. ಆವತ್ತು ಹೊಸ ರೂಟಿನ ವಿಷಯ ಹೇಳಿದ್ದು ನೀವೇನಂತೀರಿ ನೋಡೋಣ ಅಂತಲೇ. ನೀವು ‘ಒಳ್ಳೇದಾಯ್ತಲ್ಲ’ ಅಂದ್ರಿ. ಎಷ್ಟು ನುಣುಪಾಗಿ ಅಂದ್ರಿ ಅಂದ್ರೆ, ಹಿಡ್ಕೊಳ್ಳೋಕೆ ನನಗೇನೂ ಸಿಗಲಿಲ್ಲ.”

ಅವನ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಅವಳು ಏನಾದರೂ ನಯವಾಗಿ ಹೇಳಿ ಜಾರಿಕೊಳ್ಳುತ್ತಿದ್ದಳೋ ಏನೋ. ಅವಳಿಗೆ ಅಳು ಬಂದ ಹಾಗಾಯಿತು, ಸಿಟ್ಟೂ ಬಂತು, ಅದೂ ತನ್ನ ಮೇಲೆಯೇ. ಎಂದೋ ಒಬ್ಬನಿಗೆ “ನಿಮ್ಮಿಷ್ಟ” ಎಂದು ಕಳಿಸಿದ್ದಳು. ಅವನು ಹೋದದ್ದಕ್ಕೆ ಅವಳಿಗೆ ನೋವಾಗಿರಲಿಲ್ಲ. ಇವನು ಹೋದರೆ ಆಗುತ್ತದೆ.

“ಒಳ್ಳೇದಾಗ್ಲಿಲ್ಲ,” ಎಂದಳು.

“ಏನು?”

“ಆವತ್ತು ಸುಳ್ಳು ಹೇಳ್ದೆ. ಒಳ್ಳೇದೇನೂ ಆಗ್ಲಿಲ್ಲ. ರಾತ್ರಿಯೆಲ್ಲಾ ನಿದ್ದೆ ಬರಲಿಲ್ಲ ನನಗೆ. ಆ ರೂಟ್ ಬೇಡ ಅನ್ನಿ. ಹೋಗ್ಬೇಡಿ.” ದನಿ ಒಡೆಯಿತು, ಮಾತು ಎಡವಿತು, ಆದರೂ ನಿಲ್ಲಿಸಲಿಲ್ಲ. “ಮೇಜು ಇರ್ಲಿ ಬಿಡ್ಲಿ, ನೆಪ ಇರ್ಲಿ ಬಿಡ್ಲಿ, ನೀವು ಬರ್ಬೇಕು. ನನಗೆ ನೀವು ಬೇಕು.”

ಇಷ್ಟು ಒರಟಾದ ಮಾತನ್ನು ಅವಳು ಜನ್ಮದಲ್ಲಿ ಆಡಿರಲಿಲ್ಲ. ಆಡಿದ ಮೇಲೆ ಮುಖವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಕಿಟಕಿಯ ಕಡೆ ತಿರುಗಿದಳು. ಕಿಟಕಿಯ ಆಚೆ ದೊಡ್ಡಮ್ಮನ ಬಿಳಿ ಕೂದಲು ಸರಕ್ಕನೆ ಕೆಳಗೆ ಮುಳುಗಿತು.

ಅವನು ಹತ್ತಿರ ಬಂದ. ಅವಳ ಕೈ ಹಿಡಿದು ತಿರುಗಿಸಿ, ಮಣಿಕಟ್ಟಿನ ಒಳಗೆ, ಇಷ್ಟು ದಿನ ಕಲ್ಲಿನ ಅಂಚು ಇಡುತ್ತಿದ್ದ ಜಾಗದಲ್ಲಿ, ತನ್ನ ಹೆಬ್ಬೆರಳನ್ನಿಟ್ಟ. ದಪ್ಪ ಚರ್ಮದ, ಗೀರು ಬಿದ್ದ ಬೆರಳು. ಅದರ ಕೆಳಗೆ ಅವಳ ನಾಡಿ ಓಡುತ್ತಿತ್ತು.

“ಈ ಬೆರಳಿಗೆ ಏನೂ ಗೊತ್ತಾಗಲ್ಲ ಅಂದಿದ್ರಿ,” ಎಂದ. “ಈಗ ಗೊತ್ತಾಗ್ತಿದೆ.”

ಅವಳು ಕೈ ಎಳೆದುಕೊಳ್ಳಲಿಲ್ಲ. ಅವನ ಶರ್ಟಿನ ತೋಳಿನ ಮೇಲೆ ಕಲ್ಲಿನ ಬೂದು ಕೆಸರು ಒಣಗಿತ್ತು. ಅವಳು ಅದರ ಮೇಲೆಯೇ ಹಣೆ ಇಟ್ಟಳು.

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಅಕ್ಕ.

“ಮೇಜು ರೆಡಿನಾ?” ಅಕ್ಕನ ದನಿ ಇಬ್ಬರಿಗೂ ಕೇಳಿಸುವಷ್ಟು ಜೋರಾಗಿತ್ತು.

“ಇಲ್ಲಕ್ಕಾ. ಕಲ್ಲು ಪೂರ್ತಿ ಕೆಟ್ಟೋಯ್ತು. ಮೊದಲಿಂದ ಶುರು ಮಾಡ್ಬೇಕು.”

“ಕೆಟ್ಟೋಯ್ತಾ? ಕೆಟ್ಟೋಗಿದ್ದಕ್ಕೆ ಇಷ್ಟು ಖುಷಿಯಾಗಿ ಹೇಳ್ತಿದ್ದೀಯಲ್ಲೋ! ಏನಾಯ್ತು ನಿನಗೆ?”

“ಆಮೇಲೆ ಹೇಳ್ತೀನಿ. ನಾಳೆ ಮನೆ ಸಾಮಾನು ಹೊರೋಕೆ ಒಬ್ಬರನ್ನ ಜಾಸ್ತಿ ಕರ್ಕೊಂಡು ಬರ್ತೀನಿ,” ಎಂದು ಫೋನಿಟ್ಟ.

ಹಳ್ಳ ಬಿದ್ದ ಮೇಜು ಶೆಡ್ಡಿನಲ್ಲೇ ಉಳಿಯಿತು. ದೊಡ್ಡಮ್ಮ ಅದರ ಮೇಲೆ ಚಹಾ ಇಡುವುದಿಲ್ಲ, ಬಟಾಣಿ ಸುಲಿದು ಸಾಲಾಗಿ ಹಳ್ಳಗಳಲ್ಲಿ ಉರುಳಿಸುತ್ತಾರೆ. ಇಂಥ ಮೇಜು ಊರಲ್ಲಿ ಇನ್ಯಾರ ಮನೆಯಲ್ಲೂ ಇಲ್ಲವೆಂದು ಬಂದವರಿಗೆಲ್ಲ ತೋರಿಸುತ್ತಾರೆ.

ಸೋಮವಾರ ಅವನು ಡಿಪೋದಲ್ಲಿ ಹೊಸ ರೂಟು ಬೇಡವೆಂದ. ಅವನಿಗೆ ತಲೆ ಕೆಟ್ಟಿದೆಯೆಂದು ಎಲ್ಲರೂ ನಕ್ಕರು. ಅವನೂ ಅವರ ಜೊತೆ ನಕ್ಕು, ಸಂಜೆ ಹೊಸ ಕಲ್ಲುಗಳನ್ನೂ ಇನ್ನೊಂದು ಚೌಕಟ್ಟಿಗೆ ಮರವನ್ನೂ ಕೊಂಡು ತಂದ.

ಈ ಸಲ ಗೆರೆ ಎಳೆದವನು ಅವನು. ಹೊರಗಿನ ಅಂಚುಗಳಿಗೆ ಮಾತ್ರ. ಉಜ್ಜುವ ಕೆಲಸ ಬೇಗ ಬೇಗ ಮುಗಿಯಿತು, ಯಾರೂ ಬೇಕೆಂದೇ ತಡಮಾಡಲಿಲ್ಲ. ಅಂಟು ಹಾಕುವ ಮೊದಲು ಅವನು ಎರಡು ಕಲ್ಲುಗಳನ್ನು ಪಕ್ಕಪಕ್ಕ ಇಟ್ಟು, ಗರಗಸದಿಂದ ಬಂದ ಹಾಗೆಯೇ ಬಿಟ್ಟ ಬದಿಗಳನ್ನು ಒಂದಕ್ಕೊಂದು ಒತ್ತಿ ಹಿಡಿದ.

“ನೋಡು,” ಎಂದ.

ಅವಳು ಕಣ್ಣು ಮುಚ್ಚಿ, ಮಣಿಕಟ್ಟಿನ ಒಳಭಾಗವನ್ನು ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ನಿಧಾನವಾಗಿ ಸರಿಸಿದಳು.

“ಎಲ್ಲಿ ಸೇರಿದೆ ಅಂತ ಸಿಕ್ತಾ?”

“ಇಲ್ಲ.”

“ಸರಿಯಾಗಿ ನೋಡಿದ್ಯಾ?”

“ಇನ್ನೊಂದು ಸಲ ನೋಡ್ತೀನಿ,” ಎಂದಳು ಅವಳು, ಕಣ್ಣು ತೆರೆಯದೆಯೇ.